ಪದಚರ್ಚೆ: ಪ್ಲವಕಗಳ ‘ಫಲವತ್ತತೆ’ಯೋ, ‘ಇಳುವರಿ’ಯೋ, ‘ಉತ್ಪಾದಕತೆ’ಯೋ?

ಪ್ರಶ್ನೆ (ದಾವಣಗೆರೆಯಿಂದ)

ಮಾನ್ಯರೇ, ಪದವಿ ತರಗತಿಯ ಸಾಗರವಿಜ್ಞಾನದ ಪಾಠವೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇವೆ. ಪ್ಲವಕಗಳ (plankton), ಅಂದರೆ ನೀರಿನ ಹರಿವಿನೊಡನೆ ತೇಲಿ ಸಾಗುವ ಜೀವಿಗಳ ಬಗ್ಗೆ ಕರಡಿನಲ್ಲಿ ಹೀಗೊಂದು ವಾಕ್ಯವಿದೆ: “ಬಿಸಿಲು ಹೆಚ್ಚಿದಷ್ಟೂ ಪ್ಲವಕಗಳ ಫಲವತ್ತತೆ ಹೆಚ್ಚುತ್ತದೆ, ಪೋಷಕಾಂಶಗಳು ಇದಕ್ಕೆ ನೆರವಾಗುತ್ತವೆ.” ಇಲ್ಲಿ ‘ಫಲವತ್ತತೆ’ ಸರಿಯೇ? ‘ಇಳುವರಿ’ ಅಂದರೆ ಮಕ್ಕಳಿಗೆ ಬೇಗ ಹತ್ತುತ್ತದೆ ಎಂದು ಒಬ್ಬರ ಸಲಹೆ.

ಉತ್ತರ (ಚಿತ್ರದುರ್ಗದಿಂದ)

ನಮಸ್ಕಾರ ಮೇಡಂ. ಮೊದಲಿಗೆ, ‘ಪ್ಲವಕ’ ಅನ್ನುವ ಕಡೆ ‘ಸಸ್ಯಪ್ಲವಕ’ ಅನ್ನಿ. ಬೆಳಕಿನಿಂದ ಆಹಾರ ತಯಾರಿಸುವುದು ಅದು ಮಾತ್ರ. ಪ್ರಾಣಿಪ್ಲವಕ ಅದನ್ನು ತಿಂದು ಬದುಕುತ್ತದೆ.

‘ಫಲವತ್ತತೆ’ ಮಣ್ಣಿನ ಗುಣ, ಇಲ್ಲಿ ಹೇಳಿದರೂ ನೀರಿನ ಗುಣವಾದೀತು. ‘ಇಳುವರಿ’ ಅಂದರೆ ಭದ್ರಾ ಅಚ್ಚುಕಟ್ಟಿನವರಿಗೆ ಕೊಯ್ಲಾದ ಮೇಲೆ ಎಕರೆಗೆ ಎಷ್ಟು ಕ್ವಿಂಟಲ್ ಭತ್ತ ಬಂತು ಎಂಬ ಲೆಕ್ಕ. ಸಮುದ್ರದಲ್ಲಿ ಕೊಯ್ಲಿನ ದಿನ ಅಂತ ಒಂದಿಲ್ಲ, ಹುಟ್ಟುವುದೂ ತಿನ್ನಿಸಿಕೊಳ್ಳುವುದೂ ಒಟ್ಟೊಟ್ಟಿಗೇ ನಡೆಯುತ್ತಿರುತ್ತವೆ. ಚಳ್ಳಕೆರೆ ಕಡೆಯ ಕಾವಲಿನಲ್ಲಿ ಹುಲ್ಲು ಗಿಡ್ಡ ಕಂಡರೆ ಅದು ಬೆಳೆದಿಲ್ಲ ಎನ್ನಲಾಗದು, ದನ ಮೇಯ್ದಿರಬಹುದು. ಹಾಗೆಯೇ ನೀರಿನಲ್ಲಿ ಈ ಹೊತ್ತು ಕಾಣುವ ಹಸಿರು ‘ಜೈವಿಕ ರಾಶಿ’. ದಿನಕ್ಕೆ ಹೊಸದಾಗಿ ಎಷ್ಟು ಸೇರುತ್ತಿದೆ ಎಂಬುದು ‘ಉತ್ಪಾದಕತೆ’. ಅನುಮಾನ ಬಂದಾಗ ಅಳತೆಯ ಮಾನ ನೋಡಿ. ಚದರ ಮೀಟರಿಗೆ ‘ದಿನಕ್ಕೆ’ ಇಷ್ಟು ಗ್ರಾಂ ಇಂಗಾಲ ಎಂದಿದ್ದರೆ ಉತ್ಪಾದಕತೆ, ‘ದಿನಕ್ಕೆ’, ‘ವರ್ಷಕ್ಕೆ’ ಎಂಬುದು ಇಲ್ಲದಿದ್ದರೆ ರಾಶಿ.

ಕರಡಿನಲ್ಲಿ ನಿಜವಾಗಿ ದಾರಿ ತಪ್ಪಿಸುವ ಪದ ‘ಬಿಸಿಲು’. ನಮ್ಮ ಮಾತಿನಲ್ಲಿ ಬಿಸಿಲು ಅಂದರೆ ಬೆಳಕೂ ಹೌದು, ಕಾವೂ ಹೌದು. ಸಮುದ್ರದಲ್ಲಿ ಅವೆರಡರ ಕೆಲಸ ಒಂದಕ್ಕೊಂದು ಎದುರು. ದ್ಯುತಿಸಂಶ್ಲೇಷಣೆಗೆ ಬೇಕಾದದ್ದು 400ರಿಂದ 700 ನ್ಯಾನೊಮೀಟರ್ ತರಂಗಾಂತರದ ಬೆಳಕು. ಮೇಲ್ಮೈಗೆ ಬಿದ್ದ ಬೆಳಕಿನಲ್ಲಿ ಶೇ. 1ರಷ್ಟು ಉಳಿಯುವ ಆಳದವರೆಗಿನ ಭಾಗವೇ ‘ಬೆಳಕಿನ ವಲಯ’. ತಿಳಿಯಾದ ನಡುಸಾಗರದಲ್ಲಿ ಅದು 100 ಮೀಟರ್ ದಾಟುತ್ತದೆ, ಕೆಸರು ಕದಡಿದ ನದೀಮುಖದಲ್ಲಿ ಕೆಲವೇ ಮೀಟರ್. ಕಾವು ಮಾಡುವುದೇ ಬೇರೆ. ಮೇಲಿನ ನೀರನ್ನು ಬಿಸಿಮಾಡಿ ಹಗುರಾಗಿಸುತ್ತದೆ, ಹಗುರಾದ ನೀರು ಕೆಳಗಿನ ತಣ್ಣೀರಿನೊಡನೆ ಸುಲಭವಾಗಿ ಬೆರೆಯದು. ಸತ್ತ ಜೀವಿಗಳು, ಮಲ ಎಲ್ಲ ಮುಳುಗಿ ಕೊಳೆಯುವುದರಿಂದ ನೈಟ್ರೇಟ್, ಫಾಸ್ಫೇಟ್ ಹೆಚ್ಚಿರುವುದು ಆ ಕೆಳಗಿನ ನೀರಿನಲ್ಲೇ. ಆದ್ದರಿಂದಲೇ ವರ್ಷವಿಡೀ ಬಿಸಿಲು ಸುರಿಯುವ ಉಷ್ಣವಲಯದ ನಡುಸಾಗರ ಕಡುನೀಲಿ, ಪ್ಲವಕ ವಿರಳ. ಅದೇ ಅರಬ್ಬಿ ಸಮುದ್ರದಲ್ಲಿ ಮುಂಗಾರಿನ ಗಾಳಿ ಸೊಮಾಲಿಯಾ, ಒಮಾನ್ ಕರಾವಳಿಯ ಮೇಲ್ಪದರವನ್ನು ದಡದಿಂದಾಚೆ ಸರಿಸುತ್ತದೆ, ಕೆಳಗಿನ ನೀರು ಮೇಲೇಳುತ್ತದೆ, ಆಗ ಸಸ್ಯಪ್ಲವಕ ಉಕ್ಕುತ್ತದೆ. ನಮ್ಮ ಪಶ್ಚಿಮ ಕರಾವಳಿಯ ದಕ್ಷಿಣ ಭಾಗದಲ್ಲೂ, ಮೋಡ ಕವಿದ ಅದೇ ತಿಂಗಳುಗಳಲ್ಲಿ, ಇದು ನಡೆಯುತ್ತದೆ. ಬಂಗಾಳ ಕೊಲ್ಲಿಯಲ್ಲಿ ನದಿಗಳ ಸಿಹಿನೀರು ಮೇಲೆ ಪದರವಾಗಿ ನಿಂತು ಬೆರೆಯಲು ಬಿಡುವುದಿಲ್ಲ.

ಪೋಷಕಾಂಶ ‘ನೆರವಾಗುತ್ತದೆ’ ಎಂಬುದು ತೀರಾ ಮೆತ್ತಗಿನ ಮಾತು. ಯಾವುದು ಮೊದಲು ಮುಗಿಯುತ್ತದೋ ಬೆಳವಣಿಗೆ ಅಲ್ಲಿಗೆ ನಿಲ್ಲುತ್ತದೆ. ಅಂಟಾರ್ಕ್ಟಿಕಾ ಸುತ್ತಲಿನ ದಕ್ಷಿಣ ಸಾಗರದ ಬಹುಭಾಗದಲ್ಲಿ ನೈಟ್ರೇಟ್ ಮಿಕ್ಕಿದ್ದರೂ ಕಬ್ಬಿಣ ಸಾಲದೆ ಸಸ್ಯಪ್ಲವಕ ಹೆಚ್ಚು ಬೆಳೆಯದು. ಪಾಠದಲ್ಲಿ ರೆಡ್‌ಫೀಲ್ಡ್ ಅನುಪಾತ (ಪ್ಲವಕದ ದೇಹದಲ್ಲಿ ಮೂಲವಸ್ತುಗಳು ಸರಾಸರಿ ಇರುವ ಪ್ರಮಾಣ) ಬಂದರೆ ಎಚ್ಚರ: ಇಂಗಾಲ 106, ಸಾರಜನಕ 16, ರಂಜಕ 1 ಎಂಬುದು ಪರಮಾಣುಗಳ ಲೆಕ್ಕ. ತೂಕದಲ್ಲಿ ಅದು ಸುಮಾರು 41 : 7 : 1.

ವಾಕ್ಯ ಹೀಗಿರಲಿ: “ಬೆಳಕಿನ ವಲಯಕ್ಕೆ ಪೋಷಕಾಂಶಗಳು ಎಷ್ಟು ವೇಗವಾಗಿ ಬಂದು ಸೇರುತ್ತವೆ ಎಂಬುದರ ಮೇಲೆ ಅಲ್ಲಿನ ಸಸ್ಯಪ್ಲವಕಗಳ ಉತ್ಪಾದಕತೆ ನಿಂತಿದೆ.”

ಮರುಪ್ರಶ್ನೆ

ಧನ್ಯವಾದ ಸರ್. ಪ್ರಯೋಗದ ಭಾಗದಲ್ಲಿ ‘ಒಟ್ಟು’ ಮತ್ತು ‘ನಿವ್ವಳ’ ಎಂದು ಬರೆದಿದ್ದೇವೆ. ಬಿಡಿಸಿ ಹೇಳುವಿರಾ?

ಉತ್ತರ

ಪದಗಳು ಸರಿಯಾಗಿಯೇ ಇವೆ. ದ್ಯುತಿಸಂಶ್ಲೇಷಣೆಯಿಂದ ತಯಾರಾದದ್ದೆಲ್ಲ ‘ಒಟ್ಟು’, ಅದರಲ್ಲಿ ಉಸಿರಾಟಕ್ಕೆ ಹೋಗಿ ಉಳಿದದ್ದು ‘ನಿವ್ವಳ’. ಒಂದೇ ಆಳದ ನೀರನ್ನು ಗುಳ್ಳೆ ಉಳಿಯದಂತೆ ಮೂರು ಬಾಟಲಿಗೆ ತುಂಬಬೇಕು. ಒಂದರ ಆಮ್ಲಜನಕವನ್ನು ಆಗಲೇ ಅಳೆಯುವುದು. ಪಾರದರ್ಶಕವಾದದ್ದು ‘ಬೆಳಕು ಬಾಟಲಿ’, ಬೆಳಕು ತೂರದಂತೆ ಸುತ್ತಿದ್ದು ‘ಕತ್ತಲೆ ಬಾಟಲಿ’. ಇವೆರಡನ್ನೂ ಅದೇ ಆಳದಲ್ಲಿ ತೂಗುಬಿಟ್ಟು ಆಮೇಲೆ ಅಳೆಯುವುದು. ಉದಾಹರಣೆಗೆ ಲೀಟರಿಗೆ ಮೊದಲು 7.0 ಮಿ.ಗ್ರಾಂ., ಬೆಳಕಿನದರಲ್ಲಿ 8.2, ಕತ್ತಲೆಯದರಲ್ಲಿ 6.6 ಬಂತೆನ್ನಿ. ನಿವ್ವಳ 1.2, ಉಸಿರಾಟಕ್ಕೆ ಹೋದದ್ದು 0.4, ಒಟ್ಟು 1.6. ಇಂಗಾಲಕ್ಕೆ ತಿರುಗಿಸಲು 12/32ರಿಂದ ಗುಣಿಸಿ, ದ್ಯುತಿಸಂಶ್ಲೇಷಣೆಯ ಭಾಗಲಬ್ಧ (ಹೀರಿದ ಒಂದು ಇಂಗಾಲದ ಡೈಆಕ್ಸೈಡ್ ಅಣುವಿಗೆ ಹೊರಬರುವ ಆಮ್ಲಜನಕದ ಅಣುಗಳು) 1.2 ಎಂದು ಹಿಡಿದು ಭಾಗಿಸಿದರೆ ಒಟ್ಟು 0.5 ಮಿ.ಗ್ರಾಂ. ಇಂಗಾಲ.

ಉಸಿರಾಟ ಅಂದರೆ ಇಲ್ಲಿ ಬಾಟಲಿಯಲ್ಲಿರುವ ಬ್ಯಾಕ್ಟೀರಿಯಾ, ಪ್ರಾಣಿಪ್ಲವಕದ್ದೂ ಸೇರಿದ್ದು ಎಂದು ಒಂದು ಸಾಲು ಹಾಕಿ. ಮೇಲ್ಮೈಯ ಒಂದೇ ಬಾಟಲಿಯ ಲೆಕ್ಕವನ್ನು ಆಳದಿಂದ ಗುಣಿಸುವ ತಪ್ಪು ಬಹಳ ಕಡೆ ಆಗುತ್ತದೆ. ಆಳಕ್ಕೆ ಹೋದಂತೆ ಬೆಳಕು ಕುಗ್ಗುತ್ತದೆ. ಮಟಮಟ ಮಧ್ಯಾಹ್ನ ಮೇಲ್ಮೈಯಲ್ಲೂ ಬೆಳಕು ಅತಿಯಾಗಿ ದ್ಯುತಿಸಂಶ್ಲೇಷಣೆ ತಗ್ಗುತ್ತದೆ, ಕೆಲವು ಮೀಟರ್ ಕೆಳಗೆ ಹೆಚ್ಚಿರುತ್ತದೆ. ಅದಕ್ಕಾಗಿ ಹಲವು ಆಳಗಳಲ್ಲಿ ಬಾಟಲಿ ಇಳಿಬಿಟ್ಟು ಕೂಡಿಸಬೇಕು. ಪ್ಲವಕ ತೀರಾ ಕಡಿಮೆಯಿರುವ ನಡುಸಾಗರದಲ್ಲಿ ಆಮ್ಲಜನಕದ ವ್ಯತ್ಯಾಸ ಅಳತೆಗೇ ಸಿಗದಷ್ಟು ಸಣ್ಣದು. ಅಲ್ಲಿಗೆ 1952ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಸ್ಟೀಮನ್ ನೀಲ್ಸನ್ ತಂದ ಇಂಗಾಲ-14 ವಿಧಾನ, ಅಂದರೆ ವಿಕಿರಣಶೀಲ ಇಂಗಾಲವನ್ನು ಸೇರಿಸಿ ಸಸ್ಯಪ್ಲವಕ ಎಷ್ಟು ಹೀರಿತು ಎಂದು ಅಳೆಯುವುದು.