‘ಬೇಕು’ ಯಾವ ಡಬ್ಬಿಗೆ ಸೇರುತ್ತದೆ?

ಎಲ್ಲರಿಗೂ ನಮಸ್ಕಾರ.

ಒಂದು ಚಿಕ್ಕ ಪದದ ಬಗ್ಗೆ ಕೇಳಬೇಕಿತ್ತು. ಪದ ‘ಬೇಕು’. ಅರ್ಥ ಎಲ್ಲರಿಗೂ ಗೊತ್ತು. ನಾನು ಕೇಳುತ್ತಿರುವುದು ಅದು ಯಾವ ಗುಂಪಿನ ಪದ ಅಂತ. ನಾಮಪದವೇ, ಕ್ರಿಯಾಪದವೇ, ಅವ್ಯಯವೇ?

ಈ ಪ್ರಶ್ನೆ ಹುಟ್ಟಿದ್ದು ಹೇಗೆ ಅಂತ ಮೊದಲು ಹೇಳುತ್ತೇನೆ. ಬನಶಂಕರಿ 3ನೇ ಹಂತದಲ್ಲಿ ನಮ್ಮ ಮನೆ. ಭಾನುವಾರ ಬೆಳಗ್ಗೆ ಅಕ್ಕಪಕ್ಕದ ಏಳೆಂಟು ಜನಕ್ಕೆ ಕನ್ನಡ ಹೇಳಿಕೊಡುತ್ತೇನೆ. ಪಟ್ನಾದಿಂದ ಬಂದ ಹುಡುಗ ಒಬ್ಬ, ಕೋಟ್ಟಯಂ ಕಡೆಯ ನರ್ಸ್ ಒಬ್ಬರು, ಗುಂಟೂರಿನ ಗಂಡ ಹೆಂಡತಿ, ಹೀಗೆ. ಹಾಲಿನ ಅಂಗಡಿಯಲ್ಲಿ, ಆಟೋದಲ್ಲಿ, ಬಸ್ಸಿನಲ್ಲಿ ಮಾತಾಡುವಷ್ಟು ಬಂದರೆ ಸಾಕು ಅಂತ ಶುರು ಮಾಡಿದ್ದು. ಎರಡು ತಿಂಗಳಾದ ಮೇಲೆ ಅವರೇ ಕೇಳಿದರು, ‘ಆಂಟಿ, ವಾಕ್ಯ ಬಾಯಿಪಾಠ ಮಾಡಿದ್ದು ಆಯಿತು, ಇನ್ನು ವ್ಯಾಕರಣ ಹೇಳಿ’ ಅಂತ. ನನಗೆ ತುಂಬ ಖುಷಿಯಾಯಿತು.

ಅಡುಗೆಮನೆಯಿಂದ ಮೂರು ಸ್ಟೀಲ್ ಡಬ್ಬಿ ತಂದು ಮೇಜಿನ ಮೇಲಿಟ್ಟೆ. ಒಂದರ ಮೇಲೆ ನಾಮಪದ, ಇನ್ನೊಂದರ ಮೇಲೆ ಕ್ರಿಯಾಪದ, ಮೂರನೆಯದರ ಮೇಲೆ ಅವ್ಯಯ ಅಂತ ಚೀಟಿ ಅಂಟಿಸಿದೆ. ನಾವು ಶಾಲೆಯಲ್ಲಿ ಕಲಿತದ್ದನ್ನೇ ಹೇಳಿದೆ. ಹೆಸರಿಗೆ ವಿಭಕ್ತಿ ಪ್ರತ್ಯಯ ಸೇರಿದರೆ ನಾಮಪದ: ಮರವನ್ನು, ಮರದಿಂದ, ಮರಕ್ಕೆ. ಧಾತುವಿಗೆ, ಅಂದರೆ ಕ್ರಿಯೆಯ ಮೂಲ ರೂಪಕ್ಕೆ, ಆಖ್ಯಾತ ಪ್ರತ್ಯಯ ಸೇರಿದರೆ ಕ್ರಿಯಾಪದ: ಬರುತ್ತಾನೆ, ಬಂದಳು, ಬರುವರು. ಲಿಂಗ, ವಚನ, ವಿಭಕ್ತಿ ಯಾವುದಕ್ಕೂ ಬದಲಾಗದೆ ಹಾಗೇ ಉಳಿಯುವುದು ಅವ್ಯಯ: ಸುಮ್ಮನೆ, ಥಟ್ಟನೆ, ಮತ್ತು, ಆದರೆ. ಆಮೇಲೆ ಅವರಿಗೆ ಬರುವ ಪದಗಳನ್ನೇ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ ಅಂದೆ. ಅಕ್ಕಿ, ಬಸ್ಸು, ಹೋದೆ, ಬೇಗ ಎಲ್ಲ ಒಂದೇ ನಿಮಿಷದಲ್ಲಿ ಸೇರಬೇಕಾದ ಕಡೆ ಸೇರಿದವು. ‘ಬೇಕು’ ಚೀಟಿ ಮಾತ್ರ ಕೈಯಿಂದ ಕೈಗೆ ಹೋಗಿ ಕೊನೆಗೆ ಮೇಜಿನ ಮೇಲೇ ಉಳಿಯಿತು. ಅದರ ಹಿಂದೆಯೇ ಬೇಡ, ಸಾಕು, ಇಲ್ಲ, ಅಲ್ಲ, ಗೊತ್ತು. ಬೆಂಗಳೂರಿಗೆ ಬಂದವರು ಮೊದಲ ವಾರದಲ್ಲೇ ಕಲಿಯುವ ಪದಗಳು ಇವು. ಒಂದಕ್ಕೂ ಡಬ್ಬಿ ಇಲ್ಲ!

ಶಾಲೆಯ ವ್ಯಾಕರಣದಲ್ಲಿ ಇದಕ್ಕೆ ಉತ್ತರ ಇದೆ, ಮರೆತಿಲ್ಲ. ಉಂಟು, ಇಲ್ಲ, ಅಲ್ಲ, ಬೇಕು, ಬೇಡ, ಸಾಕು ಇವೆಲ್ಲ ‘ಕ್ರಿಯಾರ್ಥಕಾವ್ಯಯ’. ಕ್ರಿಯೆಯ ಅರ್ಥ ಕೊಡುವ ಅವ್ಯಯ ಅಂತ. ಪರೀಕ್ಷೆಗೆ ಇಷ್ಟು ಬರೆದರೆ ಅಂಕ ಸಿಗುತ್ತದೆ. ಆದರೆ ಭಾಷೆಯನ್ನು ಹೊಸದಾಗಿ ಕಲಿಯುವವರ ಮುಂದೆ ನಿಂತು ಹೇಳುವಾಗ ಈ ಹೆಸರು ನನಗೆ ಒಪ್ಪಿಗೆಯಾಗುತ್ತಿಲ್ಲ.

‘ಬೇಗನೆ ಬಾ’ ಅನ್ನುವುದರಲ್ಲಿ ‘ಬೇಗನೆ’ ತೆಗೆದರೂ ‘ಬಾ’ ಉಳಿಯುತ್ತದೆ, ಮಾತು ನಿಲ್ಲುತ್ತದೆ. ‘ನನಗೆ ಅರ್ಧ ಲೀಟರ್ ಹಾಲು ಬೇಕು’ ಅನ್ನುವುದರಲ್ಲಿ ‘ಬೇಕು’ ತೆಗೆದು ನೋಡಿ. ಏನು ಉಳಿಯಿತು? ಇಡೀ ವಾಕ್ಯದ ಭಾರ ಹೊತ್ತಿರುವ ಪದವನ್ನು ‘ಮತ್ತು’, ‘ಥಟ್ಟನೆ’ಗಳ ಜೊತೆ ಒಂದೇ ಡಬ್ಬಿಯಲ್ಲಿ ಇಟ್ಟರೆ ಕಲಿಯುವವರಿಗೆ ವಾಕ್ಯದ ಕಟ್ಟು ಕಾಣುವುದೇ ಇಲ್ಲ.

ಇನ್ನು ‘ಬದಲಾಗುವುದಿಲ್ಲ’ ಅನ್ನುವ ಮಾತು. ನನಗೆ ಬೇಕು, ಅವಳಿಗೆ ಬೇಕು, ಅವರಿಗೆ ಬೇಕು. ಇಲ್ಲಿ ಬದಲಾಗಲಿಲ್ಲ, ನಿಜ. ಆದರೆ ‘ಹಿರಿಯರ ಬೇಕು ಬೇಡಗಳನ್ನು ನೋಡಿಕೊಳ್ಳುವುದು’ ಅಂತ ದಿನಾ ಹೇಳುತ್ತೇವಲ್ಲ? ಅಲ್ಲಿ ‘ಗಳು’ ಸೇರಿದೆ, ‘ಅನ್ನು’ ಸೇರಿದೆ. ವಿಭಕ್ತಿ ಹತ್ತಿದ ಮೇಲೆ ಅದು ಅವ್ಯಯ ಹೇಗಾಯಿತು? ಅತ್ತ ‘ಬೇಡ’ ನೋಡಿ. ಚಿಕ್ಕವರಿಗೆ ‘ಹೋಗಬೇಡ’, ದೊಡ್ಡವರಿಗೆ ‘ಹೋಗಬೇಡಿ’. ಬಾ, ಬನ್ನಿ ಇದ್ದ ಹಾಗೆಯೇ. ಇದು ಕ್ರಿಯಾಪದದ ಗುಣ ಅಲ್ವಾ?

ಹಿಂದಕ್ಕೆ ಹೋದರೆ ವಿಷಯ ಇನ್ನೂ ಚೆನ್ನಾಗಿ ಕಾಣುತ್ತದೆ. ಹಳಗನ್ನಡದಲ್ಲಿ ಇದು ‘ಬೇೞ್ಕುಂ’. ‘ಬೇೞ್’ ಅಂದರೆ ಬಯಸು, ‘ಕುಂ’ ಅನ್ನುವುದು ಕ್ರಿಯಾಪದದ ಪ್ರತ್ಯಯ. ‘ಆಗು’ವಿನಿಂದ ‘ಅಕ್ಕುಂ’ ಆದದ್ದೂ ಇದೇ ಪ್ರತ್ಯಯದಿಂದ. ‘ಸಾಕು’ ಕೂಡ ಹೀಗೆಯೇ, ‘ಸಾಲ್ಕುಂ’ ಸವೆದು ‘ಸಾಕು’ ಆಯಿತು. ಅದರ ಧಾತು ‘ಸಾಲ್’ ಇವತ್ತಿಗೂ ‘ಸಾಲದು’, ‘ಸಾಲುತ್ತದೆ’ ಅನ್ನುವುದರಲ್ಲಿ ಇದೆ. ‘ಉಂಟು’ ಬಂದಿರುವುದು ‘ಉಳ್’ ಧಾತುವಿನಿಂದ. ಉಳ್ಳವರು, ಹಣವುಳ್ಳ ಅನ್ನುವಾಗ ಕೇಳುವುದೂ ಅದೇ ಧಾತು. ಹಳಗನ್ನಡದಲ್ಲಿ ಇದಕ್ಕೆ ‘ಒಳರ್’ ಅಂತ ಬಹುವಚನದ ರೂಪವೂ ಇತ್ತು. ಅಂದರೆ ಇವು ಒಂದು ಕಾಲದಲ್ಲಿ ಪೂರ್ತಿ ಕ್ರಿಯಾಪದಗಳೇ. ಬರಬರುತ್ತಾ ಉಳಿದ ರೂಪಗಳೆಲ್ಲ ಬಿದ್ದುಹೋಗಿ ಒಂದೇ ರೂಪ ಗಟ್ಟಿಯಾಗಿ ನಿಂತಿದೆ. ಅಂದಹಾಗೆ, ‘ನಾಯಿ ಸಾಕು’ ಅನ್ನುವಾಗಿನ ‘ಸಾಕು’ ಬೇರೆ ಪದ. ಅದು ಸಾಕಿದೆ, ಸಾಕುತ್ತಾರೆ ಅಂತ ಎಲ್ಲ ರೂಪವನ್ನೂ ಪಡೆಯುತ್ತದೆ. ಪಟ್ನಾದ ಹುಡುಗ ‘ಸಾಕುನಾಯಿ’ ಅಂದರೆ ‘ನಾಯಿ ಇಷ್ಟು ಸಾಕು’ ಅಂತ ತಿಳಿದಿದ್ದ. ಅವನ ತಪ್ಪೇನೂ ಇಲ್ಲ.

ನನ್ನ ವಾದಕ್ಕೆ ಎದುರಾಗುವುದನ್ನೂ ಹೇಳಿಬಿಡಬೇಕು. ಕ್ರಿಯಾಪದ ಅಂದರೆ ಕಾಲ ಸೂಚಿಸಬೇಕು. ‘ಬೇಕು’ ತಾನೇ ಕಾಲ ಸೂಚಿಸುವುದಿಲ್ಲ. ‘ಬೇಕಿತ್ತು’ ಅನ್ನುವುದಕ್ಕೆ ‘ಇರು’ವಿನ ಸಹಾಯ, ‘ಬೇಕಾಯಿತು’, ‘ಬೇಕಾದ’ ಅನ್ನುವುದಕ್ಕೆ ‘ಆಗು’ವಿನ ಸಹಾಯ ಪಡೆಯುತ್ತದೆ. ‘ಡಾಕ್ಟರ್ ಆದ’, ‘ಡಾಕ್ಟರ್ ಆಗಿದ್ದ’ ಅಂತ ನಾಮಪದಗಳೂ ಇದೇ ಸಹಾಯ ಪಡೆಯುತ್ತವೆ. ಇದನ್ನು ನೋಡಿದರೆ ಅವ್ಯಯ ಅಂತ ಬೇರೆ ಇಟ್ಟವರ ಯೋಚನೆಯೂ ಅರ್ಥವಾಗುತ್ತದೆ. 13ನೇ ಶತಮಾನದ ಕೇಶಿರಾಜನ ವ್ಯಾಕರಣ ಗ್ರಂಥ ಶಬ್ದಮಣಿದರ್ಪಣದಲ್ಲೇ ನಾಮ, ಆಖ್ಯಾತ, ಅವ್ಯಯಗಳಿಗೆ ಬೇರೆ ಬೇರೆ ಪ್ರಕರಣಗಳಿವೆ. ಈ ಹೆಸರುಗಳೆಲ್ಲ ಸಂಸ್ಕೃತ ವ್ಯಾಕರಣದಿಂದ ಬಂದವು. ಸಂಸ್ಕೃತದ ಪದಗಳಿಗೆ ಮಾಡಿದ ಡಬ್ಬಿಯಲ್ಲಿ ನಮ್ಮ ‘ಬೇಕು’ ಸರಿಯಾಗಿ ಕೂರುತ್ತಿಲ್ಲ, ಅಷ್ಟೇ.

ಅವತ್ತು ಇನ್ನೊಂದು ವಿಷಯ ನಡೆಯಿತು. ಅದನ್ನು ಬರೆಯದೆ ಇರಲಾರೆ.

ಬಂದವರಲ್ಲಿ ಸುಮಾರು ಜನ ‘ನಾನು ಹಾಲು ಬೇಕು’ ಅನ್ನುತ್ತಿದ್ದರು. ಎಷ್ಟು ತಿದ್ದಿದರೂ ಮತ್ತೆ ಅದೇ. ಇಂಗ್ಲಿಷಿನ ಮೂಲಕ ಕನ್ನಡ ಕಲಿಸುವ ಚಿಕ್ಕ ಪುಸ್ತಕಗಳಲ್ಲಿ ‘ಐ ವಾಂಟ್’ ಎದುರಿಗೆ ‘ಬೇಕು’ ಅಂತ ಬರೆದಿರುತ್ತಾರೆ. ‘ಐ’ ಅಂದರೆ ‘ನಾನು’ ಅಂತ ಮೊದಲ ಪುಟದಲ್ಲೇ ಕಲಿತಿರುತ್ತಾರೆ. ಎರಡನ್ನೂ ಸೇರಿಸಿ ‘ನಾನು ಬೇಕು’ ಅಂದುಬಿಡುತ್ತಾರೆ. ಅವತ್ತು ನಾನು ಇಂಗ್ಲಿಷ್ ಬಿಟ್ಟು, ನಿಮ್ಮ ನಿಮ್ಮ ಮನೆಮಾತಿನಲ್ಲಿ ಇದನ್ನು ಹೇಗೆ ಹೇಳುತ್ತೀರಿ ಅಂತ ಕೇಳಿದೆ. ಹುಡುಗ ಹಿಂದಿಯಲ್ಲಿ ‘ಮುಝೆ ದೂಧ್ ಚಾಹಿಯೇ’ ಅಂದ. ಗುಂಟೂರಿನವರು ‘ನಾಕು ಪಾಲು ಕಾವಾಲಿ’ ಅಂದರು. ನರ್ಸ್ ‘ಎನಿಕ್ಕು ಪಾಲ್ ವೇಣಂ’ ಅಂದರು. ಮುಝೆ, ನಾಕು, ಎನಿಕ್ಕು, ನನಗೆ. ನಾಲ್ಕೂ ಚತುರ್ಥಿ, ಅಂದರೆ ನಮ್ಮ ‘ಗೆ’, ‘ಕ್ಕೆ’ ಹತ್ತುವ ವಿಭಕ್ತಿ! ಯಾರ ಮಾತಿನಲ್ಲೂ ‘ನಾನು’ ಇಲ್ಲ. ಚಾಹಿಯೇ, ಕಾವಾಲಿ, ವೇಣಂ ಕೂಡ ನಮ್ಮ ‘ಬೇಕು’ ಹಾಗೆಯೇ, ನನಗಾದರೂ ಅವರಿಗಾದರೂ ಒಂದೇ ರೂಪ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಯಾರೂ ‘ನಾನು ಬೇಕು’ ಅನ್ನಲಿಲ್ಲ. ಇಷ್ಟು ದಿನ ಅವರನ್ನು ಕಾಡಿದ್ದು ಕನ್ನಡದ ಕಷ್ಟ ಅಲ್ಲ, ನಡುವೆ ಬಂದು ಕೂತ ಇಂಗ್ಲಿಷ್ ಪಟ್ಟಿ.

ಅಲ್ಲ, ಇಲ್ಲಗಳ ವಿಷಯದಲ್ಲೂ ಸ್ವಲ್ಪ ಹೀಗೆಯೇ. ಹಿಂದಿಯಲ್ಲಿ ಎರಡಕ್ಕೂ ‘ನಹೀ’. ಹುಡುಗ ಒಮ್ಮೆ ಕ್ಲಿನಿಕ್ಕಿನಿಂದ ಫೋನ್ ಮಾಡಿ ‘ಇಲ್ಲಿ ಡಾಕ್ಟರ್ ಅಲ್ಲ’ ಅಂದಿದ್ದ. ಡಾಕ್ಟರ್ ಇನ್ನೂ ಬಂದಿಲ್ಲ ಅನ್ನುವುದು ಅವನ ಮಾತಿನ ಅರ್ಥ. ‘ಅವರು ಡಾಕ್ಟರ್ ಅಲ್ಲ’ ಮತ್ತು ‘ಡಾಕ್ಟರ್ ಇಲ್ಲ’ ಇವುಗಳ ನಡುವಿನ ಅಂತರ ಅವನಿಗೆ ಗುಂಟೂರಿನವರೇ ಹೇಳಿಕೊಟ್ಟರು, ತೆಲುಗಿನಲ್ಲಿ ‘ಕಾದು’ ಬೇರೆ, ‘ಲೇದು’ ಬೇರೆ ಅಂತ. ನರ್ಸ್‌ಗೆ ಪಾಠವೇ ಬೇಕಾಗಲಿಲ್ಲ, ಮಲಯಾಳದಲ್ಲೂ ಅಲ್ಲ, ಇಲ್ಲ ಅಂತಲೇ ಇದೆ.

ಈಗ ನನ್ನ ಪ್ರಶ್ನೆಗಳು.

‘ಕ್ರಿಯಾರ್ಥಕಾವ್ಯಯ’ ಅನ್ನುವ ಹೆಸರನ್ನು ಬಿಟ್ಟು ಕಲಿಸುವವರು ಯಾರಾದರೂ ಇದ್ದೀರಾ? ಏನು ಹೆಸರು ಬಳಸುತ್ತೀರಿ? ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ನಾಮಪದಕ್ಕೆ ಹೆಸರುಪದ, ಕ್ರಿಯಾಪದಕ್ಕೆ ಎಸಕಪದ ಅಂತ ಹೆಸರು ಕೊಟ್ಟಿದ್ದಾರೆ. ‘ಹೆಸರುಪದ’ ನನ್ನ ಪಾಠದಲ್ಲಿ ತಕ್ಷಣ ಹಿಡಿಸಿತು, ‘ಎಸಕ’ ಅಂದರೆ ಕೆಲಸ, ಕ್ರಿಯೆ ಅಂತ ಮಾತ್ರ ಬಿಡಿಸಿ ಹೇಳಬೇಕಾಯಿತು. ಸದ್ಯಕ್ಕೆ ನಾನು ‘ಬೇಕು’ ಚೀಟಿಯನ್ನು ಕ್ರಿಯಾಪದದ ಡಬ್ಬಿಗೇ ಹಾಕಿದ್ದೇನೆ. ‘ಒಂದೇ ರೂಪದ ಕ್ರಿಯಾಪದ’ ಅಂತ ಹೇಳಿದ್ದೇನೆ. ತಪ್ಪಾಗಿದ್ದರೆ ತಿದ್ದಿ, ತಿದ್ದಿಕೊಳ್ಳುತ್ತೇನೆ.

ಎರಡನೆಯದು ಕಿವಿಗೆ ಬಿಟ್ಟ ವಿಷಯ. ‘ನಾನು ಊರಿಗೆ ಹೋಗಬೇಕು’ ಅಂದರೆ ಹೋಗಲೇಬೇಕಾದ ಕೆಲಸ ಇದೆ ಅಂತ. ‘ನನಗೆ ಊರಿಗೆ ಹೋಗಬೇಕು’ ಅಂದರೆ ಮನಸ್ಸು ಎಳೆಯುತ್ತಿದೆ ಅಂತ. ನನಗೆ ಹೀಗೆ ಕೇಳಿಸುತ್ತದೆ. ನಿಮ್ಮ ಕಡೆಯ ಮಾತಿನಲ್ಲಿ ಈ ವ್ಯತ್ಯಾಸ ಇದೆಯಾ? ಧಾರವಾಡ, ಮಂಗಳೂರು, ಚಾಮರಾಜನಗರದ ಕಡೆಯವರು ಹೇಳಿದರೆ ಉಪಕಾರ. ಹಾಗೆಯೇ ‘ಬರಬೇಡಿ’ ಮತ್ತು ‘ಬರಬೇಕಾಗಿಲ್ಲ’. ಮೊದಲನೆಯದು ತಡೆಯುವ ಮಾತು, ಎರಡನೆಯದು ಅಗತ್ಯ ಇಲ್ಲ ಅನ್ನುವ ಮಾತು. ಆದರೂ ಮನೆಗೆ ಬಂದವರು ‘ಕಾಫಿ ಬೇಡ’ ಅಂದರೆ ಬೇಜಾರಾಗುವುದಿಲ್ಲ, ‘ಕಾಫಿ ಬೇಕಾಗಿಲ್ಲ’ ಅಂದರೆ ಸ್ವಲ್ಪ ಚುಚ್ಚುತ್ತದೆ. ಯಾಕೆ ಹೀಗೆ?

ಮೂರನೆಯದು ‘ಗೊತ್ತು’. ‘ನನಗೆ ಗೊತ್ತು’ ಅನ್ನುವಾಗ ಅದು ‘ಬೇಕು’ವಿನ ಅಣ್ಣತಮ್ಮನ ಹಾಗೆ ಕಾಣುತ್ತದೆ, ಅದೇ ಚತುರ್ಥಿ, ಅದೇ ಒಂದೇ ರೂಪ. ಆದರೆ ಗೊತ್ತುಗುರಿ, ಗೊತ್ತುವಳಿ, ಗೊತ್ತು ಮಾಡಿದ ದಿನ ಅನ್ನುವಾಗ ಪಕ್ಕಾ ನಾಮಪದ. ‘ನನಗೆ ಇಷ್ಟ’ ಅನ್ನುವುದರ ‘ಇಷ್ಟ’ವೂ ಹೀಗೆಯೇ ಇದೆ. ಇವನ್ನು ನಾಮಪದದ ಡಬ್ಬಿಗೆ ಹಾಕಲೋ, ‘ಬೇಕು’ ಜೊತೆಗೇ ಇಡಲೋ? ಬರುವ ಭಾನುವಾರ ‘ಗೊತ್ತು, ಗೊತ್ತಿಲ್ಲ’ ಪಾಠ ಇಟ್ಟುಕೊಂಡಿದ್ದೇನೆ. ಶನಿವಾರದೊಳಗೆ ಯಾರಾದರೂ ಎರಡು ಸಾಲು ಬರೆದರೆ ಚೀಟಿಗಳನ್ನು ಅದರಂತೆ ಬರೆದಿಟ್ಟುಕೊಳ್ಳುತ್ತೇನೆ.