ಟಿಶ್ಯೂ ಪೇಪರಿಗೆ ಕನ್ನಡ ಪದ? ಬೋರ್ಡಿಗೆ ತುರ್ತಾಗಿ ಬೇಕು

ಎಲ್ಲರಿಗೂ ನಮಸ್ಕಾರ. ಮೈಸೂರಿನ ಒಂದು ಕಲ್ಯಾಣ ಮಂಟಪಕ್ಕೆ ಬೋರ್ಡು ಬರೆಸಬೇಕು. ನಾಳೆ ಬೆಳಿಗ್ಗೆ ಪೇಂಟರ್ ಬರುತ್ತಾರೆ. ವಾಷ್‌ಬೇಸಿನ್ ಪಕ್ಕ ಕೈ ಒರಸಲು ಇಟ್ಟ ಪೇಪರನ್ನು ಜನ ಕಮೋಡಿಗೆ ಎಸೆಯುತ್ತಾರೆ, ಪೈಪ್ ಕಟ್ಟಿಕೊಳ್ಳುತ್ತದೆ. ಟಾಯ್ಲೆಟ್ ಪೇಪರ್ ಆದರೆ ನೀರಿನಲ್ಲಿ ಬಿಡಿಬಿಡಿಯಾಗಿ ಹೋಗುತ್ತದೆ. ಕೈ ಒರಸುವ ಪೇಪರಿಗೆ, ಕಿಚನ್ ರೋಲ್‌ಗೆ ಒದ್ದೆಯಾದರೂ ಹರಿಯದಿರಲಿ ಅಂತ ರೆಸಿನ್ ಸೇರಿಸಿರುತ್ತಾರೆ. ಅದು ಹಾಗೇ ಉಂಡೆ ಕಟ್ಟುತ್ತದೆ. ಹಾಗಾಗಿ ಎರಡಕ್ಕೂ ಬೇರೆ ಹೆಸರು ಬೇಕೇ ಬೇಕು. ಸದ್ಯಕ್ಕೆ ‘ಕರವಸ್ತ್ರ ಕಾಗದ’ ಅಂತ ಬರೆದುಕೊಂಡಿದ್ದೇನೆ. ನಡೆಯುತ್ತದೆಯೇ?

ಮರು:
ಮೇಡಂ, ‘ಕರವಸ್ತ್ರ ಕಾಗದ’ ಬೇಡವೇ ಬೇಡ. ವಸ್ತ್ರ ಅಂದಮೇಲೆ ಬಟ್ಟೆ. ಕಾಗದ ಪಾರಸಿಯಿಂದ ಬಂದದ್ದು. ನಮ್ಮದೇ ‘ಹಾಳೆ’ ಇರುವಾಗ ಇವೆರಡೂ ಯಾಕೆ? ಅಡಿಕೆ ಮರದಿಂದ ಕಳಚಿ ಬೀಳುತ್ತದಲ್ಲ, ಅದೇ ಹಾಳೆ. ತುಳುವಿನಲ್ಲಿ ಈಗಲೂ ಪಾಳೆ, ತಮಿಳಿನಲ್ಲಿ ಪಾಳೈ. ತುಳುನಾಡಿನ ಮುಟ್ಟಾಳೆ ಟೊಪ್ಪಿಯಲ್ಲಿ ಇರುವುದೂ ಇದೇ. ಹಾಳೆಯಲ್ಲಿ ತಟ್ಟೆ ಒತ್ತುತ್ತಾರೆ, ಉಂಡು ಎಸೆಯುತ್ತಾರೆ. ಬಳಸಿ ಬಿಸಾಡುವ ವಸ್ತುವಿಗೆ ಇದಕ್ಕಿಂತ ಹೊಂದುವ ಪದ ಎಲ್ಲಿದೆ? ಬೀಸುಗಲ್ಲು, ಕಡೆಗೋಲು ಇದ್ದ ಹಾಗೆ ‘ಒರಸುಹಾಳೆ’. ಹಾಳೆ ಶುರುವಾಗುವುದು ಹಕಾರದಿಂದ, ಹಾಗಾಗಿ ಕಲ್ಲು ‘ಗಲ್ಲು’ ಆದಂತೆ ಅಕ್ಷರ ಬದಲಾಗುವ ಆದೇಶ ಸಂಧಿಯ ತಕರಾರೂ ಇಲ್ಲ. ಕಿಚನ್ ರೋಲ್ ‘ಒರಸುಸುರುಳಿ’ ಆಗಲಿ. ಸುಮ್ನೆ ಟಿಶ್ಯೂ ಅಂತ ಬರೆಸಬೇಡಿ. ಹೀಗೆ ಒಂದೊಂದೇ ಬಿಟ್ಟುಕೊಟ್ಟು ನಮ್ಮ ಅಡುಗೆಮನೆ ಪದಗಳೇ ಖಾಲಿಯಾಗಿವೆ.

ಮರು:
ಹಾಳೆಯ ಮೂಲ ಸರಿ ಸರ್. ಬೋರ್ಡಿಗೆ ಅದರಿಂದ ಏನೂ ಆಗಬೇಕಿಲ್ಲ. ಹಾಳೆ ಅಂದರೆ ಜನಕ್ಕೆ ಇವತ್ತು ನೋಟ್‌ಬುಕ್ಕಿನ ಹಾಳೆ. ಒರಸುಸುರುಳಿ ಓದಿ ಯಾರಿಗೂ ಏನೂ ತಿಳಿಯುವುದಿಲ್ಲ.

‘ವಸ್ತ್ರ ಅಂದಮೇಲೆ ಬಟ್ಟೆ’ ಅನ್ನುವ ವಾದವೂ ನಿಲ್ಲುವುದಿಲ್ಲ. ಇಂಗ್ಲಿಷಿನವರು ಟಿಶ್ಯೂ ತಂದದ್ದು ಫ್ರೆಂಚಿನಿಂದ, ಅಲ್ಲಿ ಅದಕ್ಕೆ ನೇಯ್ದದ್ದು ಅಂತ ಅರ್ಥ. ನ್ಯಾಪ್‌ಕಿನ್ನಿನ ‘ನಾಪ್’ ಕೂಡ ಫ್ರೆಂಚ್, ಮೇಜಿನ ಮೇಲೆ ಹಾಸುವ ಬಟ್ಟೆ. ಎರಡೂ ಬಟ್ಟೆಯ ಹೆಸರೇ, ಕಾಗದಕ್ಕೆ ಬಂದವು. ಪಾರಸಿಯ ಕಾಗದ ಬೇಡ ಅಂದರೆ ಅರಬ್ಬಿಯ ಕುರ್ಚಿಯನ್ನೂ ಹೊರಗೆ ಹಾಕುತ್ತೀರಾ? ಕಾಗದ ಬರೆದು, ಕುರ್ಚಿ ಮೇಲೆ ಕೂತು ಬೆಳೆದವರು ನಾವು. ಅವು ಕನ್ನಡವೇ.

ಮೇಡಂ, ಒಂದು ಮಾತ್ರ ನೆನಪಿಡಿ. ‘ನ್ಯಾಪ್‌ಕಿನ್’ ಅಂತ ಬರೆಸಬೇಡಿ. ಸರ್ಕಾರದ ಶುಚಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸ್ಯಾನಿಟರಿ ನ್ಯಾಪ್‌ಕಿನ್ ಹಂಚಿದ ಮೇಲೆ ಬಹಳ ಕಡೆ ಆ ಪದಕ್ಕೆ ಅದೊಂದೇ ಅರ್ಥ. ಶೌಚಾಲಯದ ಬಾಗಿಲಲ್ಲಂತೂ ಜನ ಹಾಗೇ ಓದುತ್ತಾರೆ. ದರ್ಶಿನಿಯಲ್ಲಿ ನಿಂತು ದೋಸೆ ತಿಂದವರು ಕೇಳುವುದು ‘ಒಂದು ಟಿಶ್ಯೂ ಕೊಡಿ’ ಅಂತಲೇ. ಕ್ಲೀನಿಂಗ್ ಕೆಲಸದವರ ಬಾಯಲ್ಲೂ ಅದೇ. ಹೀಗೆ ಬರೆಸಿ: ‘ಕೈ ಒರಸಿದ ಟಿಶ್ಯೂ ಪೇಪರನ್ನು ಕಮೋಡಿಗೆ ಹಾಕಬೇಡಿ. ಪಕ್ಕದ ಬುಟ್ಟಿಗೆ ಹಾಕಿ.’ ‘ಕೈ ಒರಸಿದ’ ಅಂದಮೇಲೆ ಯಾವ ಪೇಪರ್ ಅಂತ ತಾನಾಗೇ ಗೊತ್ತಾಗುತ್ತದೆ.

ಮರು:
ಒಪ್ಪುವುದಿಲ್ಲ. ಬಳಕೆಯಲ್ಲಿಲ್ಲ ಅಂತ ಬರೆಯುವುದಿಲ್ಲ, ಬರೆಯುವುದಿಲ್ಲ ಅಂತ ಬಳಕೆಗೆ ಬರುವುದಿಲ್ಲ. ‘ಒರಸುಹಾಳೆ’ ಅಂತಲೇ ಬರೆಸಿ, ಪಕ್ಕದಲ್ಲಿ ಚಿತ್ರ ಹಾಕಿಸಿ ಮೇಡಂ.

ಮರು:
ಇಬ್ಬರಿಗೂ ಧನ್ಯವಾದ. ‘ಕೈ ಒರಸಿದ ಟಿಶ್ಯೂ ಪೇಪರ್’ ಅಂತಲೇ ಕೊಡುತ್ತಿದ್ದೇನೆ. ಚಿತ್ರದ ಸಲಹೆ ಚೆನ್ನಾಗಿದೆ, ಅದನ್ನೂ ಹಾಕಿಸುತ್ತೇನೆ.