ಧೈರ್ಯ ಎಲ್ಲಿಂದ ತರಲಿ?

ಪ್ರಶ್ನೆ:
ಸ್ಟ್ರೋಕ್ ಆಗಿ 5 ತಿಂಗಳಾಯಿತು. ಎಡಗೈ ಇನ್ನೂ ಮಾತು ಕೇಳುವುದಿಲ್ಲ. ಅಂಗಿಯ ಗುಂಡಿ ಹಾಕಲೂ ಹೆಂಡತಿಯನ್ನು ಕರೆಯಬೇಕು. ಬಂದವರೆಲ್ಲ "ನಿಮ್ಮ ಮೇಲೆ ನಂಬಿಕೆ ಇಡಿ" ಅನ್ನುತ್ತಾರೆ. ಸರಿ, ಆ ನಂಬಿಕೆ ಬರುವುದು ಹೇಗೆ? ದೇವರನ್ನು ಬೇಡಿಕೊಂಡೂ ಸಾಕಾಗಿದೆ.

ಉತ್ತರ 1:
ನನಗೂ ಬಲಗೈ ಹೋಗಿತ್ತು ಸಾರ್. ಮೊದಲು ನಂಬಿಕೆ ಬರಲಿ, ಆಮೇಲೆ ಕೆಲಸ ಅಂತ ಕಾದು ಕೂತೆ. ಸುಮ್ನೆ 2 ತಿಂಗಳು ಹಾಳಾಯಿತು. ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞ 1977ರಲ್ಲೇ ಬರೆದಿದ್ದಾರೆ: ತಾನೇ ಮಾಡಿ ಗೆದ್ದಾಗ ಹುಟ್ಟುವ ಆತ್ಮವಿಶ್ವಾಸವೇ ಜಾಸ್ತಿ ಗಟ್ಟಿ. ಬೇರೆಯವರ ಹುರಿದುಂಬಿಸುವ ಮಾತು ಅಷ್ಟು ಬಾಳಿಕೆ ಬರುವುದಿಲ್ಲ. ಹಾಗಾಗಿ ಇಡೀ ಅಂಗಿ ಬಿಡಿ. ಕೆಳಗಿನ ಒಂದೇ ಗುಂಡಿ ಹಾಕಿ ನೋಡಿ. ಅದನ್ನೇ ಮತ್ತೆ ಮತ್ತೆ ಮಾಡಿದರೆ ಮಿದುಳು ಹೊಸ ದಾರಿ ಹುಡುಕಿಕೊಳ್ಳುತ್ತದೆ. ಫಿಸಿಯೋಥೆರಪಿ ಮಾತ್ರ ನಿಲ್ಲಿಸಬೇಡಿ.

ಉತ್ತರ 2:
ಪ್ರಾರ್ಥನೆಯಿಂದ ನನ್ನ ಕಾಲು ಸರಿಹೋಗಲಿಲ್ಲ. ಆದರೆ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುವ ಮನಸ್ಸು ಬಂತು. ಅದೇನು ಕಡಿಮೆಯಲ್ಲ, ಅಲ್ವಾ?

ಪ್ರಶ್ನೆ ಕೇಳಿದವರು:
ಇವತ್ತು ಕೆಳಗಿನ ಗುಂಡಿ ಹಾಕಿದೆ. 20 ನಿಮಿಷ ಹಿಡಿಯಿತು. ಬೇರೆ ಕಾಜಕ್ಕೆ ಹೋಗಿತ್ತು, ಆದರೂ ಬಿಚ್ಚಲಿಲ್ಲ. ಸಂಜೆವರೆಗೂ ಹಾಗೇ ಓಡಾಡಿದೆ.